ಮಧ್ಯಸ್ಥಿಕೆ: ಅದರ ಅರ್ಥ ಮತ್ತು ಉಪಯೋಗ
(ಕಣೇಕಲ್ಲಿನ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ಕಾಲುವೆಗೆ ನೀರು ಬಂದ ದಿನ ಊರಿಗೆ ಸಂತೋಷ ಬರುತ್ತದೆ. ಅದರ ಬೆನ್ನಿಗೇ ಜಗಳವೂ ಬರುತ್ತದೆ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯನ್ನು ನಂಬಿ ಬೇಸಾಯ ಮಾಡುವ ನೀವು ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಅಂತಹ ಜಗಳಗಳನ್ನು ಮುಗಿಸುವ ಒಂದು ದಾರಿಯನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಬಂದಿದ್ದೇನೆ.

ಮಧ್ಯಸ್ಥನೆಂದರೆ ನಡುವೆ ನಿಂತವನು. ವಕೀಲನು ಒಂದು ಪಕ್ಷದ ಕಡೆಯಿಂದ ವಾದಿಸುತ್ತಾನೆ. ನ್ಯಾಯಾಧೀಶನು ಇಬ್ಬರ ವಾದವನ್ನೂ ಕೇಳಿ ತೀರ್ಪು ಕೊಡುತ್ತಾನೆ. ಉಭಯ ಪಕ್ಷದವರೂ ಒಪ್ಪಿ ಪಂಚರನ್ನು ನೇಮಿಸಿದರೆ ಅವರು ಕೊಡುವುದೂ ತೀರ್ಪೇ. ಮಧ್ಯಸ್ಥನು ತೀರ್ಪು ಕೊಡುವುದಿಲ್ಲ. ಮುರಿದುಹೋದ ಮಾತನ್ನು ಮತ್ತೆ ಜೋಡಿಸುವುದಷ್ಟೇ ಅವನ ಕೆಲಸ. ಒಪ್ಪುವುದೂ ಬಿಡುವುದೂ ಜಗಳವಾಡಿದವರ ಕೈಯಲ್ಲೇ ಇರುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಒಂದೇ ತೂಬಿನ ಕೆಳಗೆ ಇಬ್ಬರು ರೈತರಿದ್ದಾರೆಂದಿಟ್ಟುಕೊಳ್ಳಿ. ಮೇಲಿನ ಗದ್ದೆಯವನು, “ಹಗಲು ನೀರು ನನ್ನದು” ಎನ್ನುತ್ತಾನೆ. ಕೆಳಗಿನ ಗದ್ದೆಯವನು, “ಹಗಲು ನೀರು ನನಗೂ ಬೇಕು” ಎನ್ನುತ್ತಾನೆ. ತೀರ್ಪಿಗೆ ಹೋದರೆ ಒಬ್ಬನು ಗೆಲ್ಲಬೇಕು, ಇನ್ನೊಬ್ಬನು ಸೋಲಬೇಕು. ಆದರೆ ಮಧ್ಯಸ್ಥನು ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳುತ್ತಾನೆ: “ಅಯ್ಯಾ, ಹಗಲೇ ಏಕೆ ಬೇಕು?” ಮೇಲಿನವನ ಮನೆಯಲ್ಲಿ ರಾತ್ರಿ ನೀರು ಕಟ್ಟುವ ಆಳಿಲ್ಲ. ಕೆಳಗಿನವನ ಸಸಿಮಡಿ ಒಣಗುತ್ತಿದೆ. ಅವನಿಗೆ ಬೇಕಾದುದು ಎಂಟು ದಿನದ ನೀರು ಮಾತ್ರ. ಆ ಎಂಟು ದಿನ ಹಗಲು ನೀರು ಕೆಳಗಿನವನಿಗೆ, ಅದಕ್ಕೆ ಬದಲಾಗಿ ಮೇಲಿನವನಿಗೆ ರಾತ್ರಿ ನೀರು ಕಟ್ಟಲು ಕೆಳಗಿನವನ ಮಗನ ನೆರವು ಎಂದಾದರೆ ಇಬ್ಬರ ಬೆಳೆಯೂ ಉಳಿಯಿತು. ಕೇಳುವುದು ಒಂದು, ಬೇಕಾದುದು ಇನ್ನೊಂದು. ಇವೆರಡರ ನಡುವಿನ ಅಂತರವನ್ನು ಕಾಣುವುದೇ ಮಧ್ಯಸ್ಥನ ಜಾಣತನ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಲಿಲ್ಲ. ತೀರ್ಪಾದ ಮರುದಿನವೂ ಅದೇ ಬದುವಿನ ಮೇಲೆ ಇಬ್ಬರೂ ನಡೆಯಬೇಕಲ್ಲವೆ?

ನಿಮ್ಮ ಹೊಲಕ್ಕೆ ಬರುವ ನೀರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಆಲೋಚನೆ 1860ರಷ್ಟು ಹಿಂದಿನದು. ಎಂಬತ್ತು ವರ್ಷಗಳಿಗೂ ಮಿಗಿಲಾಗಿ ಅದು ಕಾಗದದಲ್ಲೇ ಉಳಿಯಿತು. 1944ರಲ್ಲಿ ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ಮಾತುಕತೆಯಿಂದ ಒಪ್ಪಂದಕ್ಕೆ ಬಂದವು. ಮರುವರ್ಷವೇ ಅಡಿಗಲ್ಲು ಬಿದ್ದಿತು. 1953ರಲ್ಲಿ ಬಳ್ಳಾರಿ ಜಿಲ್ಲೆಯು ಹರಿದು ಹಂಚಿಹೋಗಿ, ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿದಾಗ, ಒಂದೇ ಕಾಲುವೆಗೆ ಇಬ್ಬರು ಯಜಮಾನರಾದರು. ಆಗ ತುಂಗಭದ್ರಾ ಮಂಡಳಿಯು ಹುಟ್ಟಿತು. ಮುಂದೆ 1973ರಲ್ಲಿ ಬಚಾವತ್ ನ್ಯಾಯಮಂಡಳಿಯು ತೀರ್ಪು ನೀಡಿತು. ಮೇಲ್ಮಟ್ಟದ ಕಾಲುವೆಯಲ್ಲಿ ಕರ್ನಾಟಕದ ಪಾಲು 17.5 ಟಿ.ಎಂ.ಸಿ., ಆಂಧ್ರದ ಪಾಲು 32.5 ಟಿ.ಎಂ.ಸಿ. ಆದರೆ ಮಳೆ ಕೈಕೊಟ್ಟ ವರ್ಷ ಇದ್ದ ನೀರನ್ನೇ ಹಂಚಿಕೊಳ್ಳಬೇಕಲ್ಲವೆ? ಅದಕ್ಕೆ ಇಂದಿಗೂ ಎರಡು ಕಡೆಯವರೂ ಮಂಡಳಿಯ ಒಂದೇ ಮೇಜಿನ ಮುಂದೆ ಕೂರುತ್ತಾರೆ. ತೀರ್ಪು ಪಾಲನ್ನು ಹೇಳಬಲ್ಲದು. ಕೂಡಿ ಬಾಳುವುದಕ್ಕೆ ಮಾತುಕತೆಯೇ ಬೇಕು.

ಗಡಿಯ ಕನ್ನಡಿಗರಿಗೆ ಇನ್ನೊಂದು ವಿಶೇಷ ಪ್ರಯೋಜನವುಂಟು. ನಮ್ಮ ಮನೆಮಾತು ಕನ್ನಡ. ಕೋರ್ಟಿನ ಕಾಗದ ಬರುವುದು ತೆಲುಗಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ನಮ್ಮ ದುಃಖವನ್ನು ನಮ್ಮ ಬದಲಾಗಿ ಇನ್ನೊಬ್ಬರು ಇನ್ನೊಂದು ಭಾಷೆಯಲ್ಲಿ ಹೇಳಿದಾಗ ಅರ್ಧ ಹೋಗಿಬಿಡುತ್ತದೆ. ಮಧ್ಯಸ್ಥನ ಮುಂದೆ ಮುದುಕಿಯೂ ತನ್ನ ಮಾತಿನಲ್ಲೇ ತನ್ನ ಸಂಕಟವನ್ನು ಹೇಳಿಕೊಳ್ಳಬಹುದು. ತೆಲುಗರ ನೆರೆಯವನು ತೆಲುಗಿನಲ್ಲೇ ಉತ್ತರಿಸಬಹುದು. ಎರಡನ್ನೂ ಬಲ್ಲ ಮಧ್ಯಸ್ಥರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇದು ಗಡಿಯವರ ಭಾಗ್ಯವೇ ಸರಿ.

ಆದರೆ ಇದರ ಮಿತಿಯನ್ನೂ ತಿಳಿಯಬೇಕು. ಶ್ರೀಕೃಷ್ಣನಂತಹವನೇ ಸಂಧಿಗೆ ಹೋಗಿ ಐದು ಊರುಗಳನ್ನು ಕೇಳಿದರೂ ದುರ್ಯೋಧನನು ಒಪ್ಪಲಿಲ್ಲ. ಮನಸ್ಸಿಲ್ಲದವನನ್ನು ಮಧ್ಯಸ್ಥನು ಒಪ್ಪಿಸಲಾರ. ಇನ್ನು ಬಲಾತ್ಕಾರ, ಕೊಲೆ, ಮಕ್ಕಳ ಮೇಲಿನ ದೌರ್ಜನ್ಯ ಇವು ಕಟ್ಟೆಯ ಮೇಲೆ ಮುಗಿಸುವ ವಿಷಯಗಳಲ್ಲ; ಅವಕ್ಕೆ ಪೋಲೀಸು ಠಾಣೆಯೇ ದಾರಿ. ದಂಡ ಹಾಕುವುದು, ಕುಲದಿಂದ ಹೊರಗಿಡುವುದು, ಹೆಂಗಸಿನ ಬಾಯಿ ಮುಚ್ಚಿಸಿ “ರಾಜಿಯಾಯಿತು” ಎನ್ನುವುದು ಮಧ್ಯಸ್ಥಿಕೆಯಲ್ಲ, ಅದು ಬಲವಂತ. ಬಲ್ಲಿದನ ಎದುರು ಬಡವನು ಹೆದರಿ ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ.

ಕಾನೂನೂ ಈ ದಾರಿಯನ್ನು ಮನ್ನಿಸಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಿಂದ ಲೋಕ ಅದಾಲತ್ತುಗಳು ನಡೆಯುತ್ತಿವೆ. ಬೆಂಗಳೂರಿನಲ್ಲಿ 2007ರಿಂದ ಹೈಕೋರ್ಟಿನ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರವೊಂದು ಕೆಲಸ ಮಾಡುತ್ತಿದೆ. 2023ರಲ್ಲಿ ಸಂಸತ್ತು ಮಧ್ಯಸ್ಥಿಕೆಗೆಂದೇ ಒಂದು ಕಾಯಿದೆಯನ್ನು ಅಂಗೀಕರಿಸಿತು. ಊರಿನಲ್ಲಾದ ಒಪ್ಪಂದಕ್ಕೆ ತಾನಾಗಿಯೇ ಡಿಕ್ರಿಯ ಬಲ ಬರುವುದಿಲ್ಲವೆಂಬುದನ್ನು ನೆನಪಿಡಿ. ಭೂಮಿ, ಹಣದಂತಹ ವಿಷಯವಾದರೆ ಮಂಡಲ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ದಾಖಲೆ ಮಾಡಿಸಿ. ಅಲ್ಲಿ ಶುಲ್ಕವಿಲ್ಲ, ದಾವೆ ಹೂಡುವ ಮೊದಲೂ ಹೋಗಬಹುದು. ಅಲ್ಲಿಯ ರಾಜಿ ಕೋರ್ಟಿನ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ಆದುದರಿಂದ ತಿಳಿದು, ಓದಿಸಿಕೊಂಡು ರುಜು ಹಾಕಿ. ತೆಲುಗಿನ ಕಾಗದವಾದರೆ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸಿಕೊಂಡೇ ಹೆಬ್ಬೆಟ್ಟು ಒತ್ತಿ.

ಬಂಧುಗಳೇ, ಮುಂದಿನ ಸಲ ತೂಬಿನ ಬಳಿ ಗುದ್ದಲಿ ಎತ್ತುವ ಮೊದಲು ಇಬ್ಬರಿಗೂ ಬೇಕಾದ ಒಬ್ಬರನ್ನು ಕರೆಯಿರಿ. ಒಂದು ಸಂಜೆ ಕುಳಿತು ಮಾತನಾಡಿ. ಮಾತು ಮುರಿದರೆ ಕೋರ್ಟು ಎಲ್ಲಿಗೂ ಓಡಿಹೋಗುವುದಿಲ್ಲ. ಮಾತು ಕೂಡಿದರೆ ಬೆಳೆಯೂ ಉಳಿಯಿತು, ನೆರೆಯೂ ಉಳಿಯಿತು.