ಓಟಿನ ಚೀಟಿಗಾಗಿ ಇಪ್ಪತ್ತು ವರ್ಷದ ವ್ಯಾಜ್ಯ

(ಯುವಕ ಮಂಡಲದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ಹೊತ್ತು ಗೊಬ್ಬರ, ಬೀಜೋಪಚಾರಗಳ ಮಾತನ್ನು ಬದಿಗಿಟ್ಟು ಬೇರೊಂದು ವಿಷಯ ಹೇಳಲು ನಿಂತಿದ್ದೇನೆ. ಕಳೆದ ಸಲ ಇಲ್ಲಿಯೇ ಮತದಾರರ ಪಟ್ಟಿಯನ್ನು ಓದಿದಾಗ ಹಿರಿಯರೊಬ್ಬರು ಕೇಳಿದರು: "ಅಲ್ಲಾ ಸ್ವಾಮಿ, ಓಟು ಕಾನೂನು ಕೊಟ್ಟಿರೋದು. ಕೊಟ್ಟ ಮೇಲೆ ಇನ್ನೊಬ್ಬ ಹೆಂಗೆ ಕಿತ್ಕೋತಾನೆ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಅನಂತರ ಓದಿ ತಿಳಿದುಕೊಂಡು ಬಂದಿದ್ದೇನೆ. ಉತ್ತರ ಸಿಕ್ಕಿದ್ದು ದೂರದ ಅಮೆರಿಕ ದೇಶದಲ್ಲಿ.

ಅಲ್ಲಿ ಗುಲಾಮರಾಗಿದ್ದ ಕಪ್ಪು ಜನರಿಗೆ ಬಿಡುಗಡೆಯಾದ ಮೇಲೆ, ಬಣ್ಣದ ಕಾರಣದಿಂದ ಯಾವ ಪೌರನ ಮತವನ್ನೂ ತಡೆಯಬಾರದೆಂದು 1870ರಲ್ಲಿಯೇ ರಾಜ್ಯಾಂಗದಲ್ಲಿ ಬರೆದರು. ಬರೆದದ್ದು ಬರೆದಂತೆಯೇ ಉಳಿಯಿತು. ಟೆಕ್ಸಾಸ್ ಎಂಬುದು ಹತ್ತಿ ಬೆಳೆಯುವ ದೊಡ್ಡ ರಾಜ್ಯ. ಅಲ್ಲಿ ಆ ಕಾಲದಲ್ಲಿ ಗೆಲ್ಲುತ್ತಿದ್ದುದು ಡೆಮಾಕ್ರಟಿಕ್ ಪಕ್ಷವೊಂದೇ ಎನ್ನಬಹುದು. ಆ ಪಕ್ಷದ ಉಮೇದುವಾರ ಯಾರೆಂಬುದನ್ನು ಮೊದಲು ಒಂದು ಒಳಚುನಾವಣೆಯಲ್ಲಿ ಆರಿಸುತ್ತಿದ್ದರು. ಅದಕ್ಕೆ ಪ್ರೈಮರಿ ಎಂದು ಹೆಸರು. ಅದರಲ್ಲಿ ಗೆದ್ದವನು ಗೆದ್ದಂತೆಯೇ. ಆಮೇಲಿನ ಚುನಾವಣೆ ಬರೀ ಶಾಸ್ತ್ರ. ಅರಳಿಕಟ್ಟೆಯ ಮೇಲೆ ನಾಲ್ವರು ಕುಳಿತು ಪಂಚಾಯಿತಿ ಮೆಂಬರು ಇಂಥವನೇ ಎಂದು ಮೊದಲೇ ತೀರ್ಮಾನ ಮಾಡಿಬಿಟ್ಟರೆ ಉಳಿದವರ ಓಟಿಗೆ ಏನು ಬೆಲೆ? 1923ರಲ್ಲಿ ಟೆಕ್ಸಾಸ್ ಸರ್ಕಾರ ಆ ಪ್ರೈಮರಿಯಲ್ಲಿ ಕಪ್ಪು ಜನ ಮತ ಹಾಕಕೂಡದೆಂದು ಕಾನೂನು ಮಾಡಿತು.

1924ರಲ್ಲಿ ಎಲ್ ಪಾಸೊ ಊರಿನ ಡಾಕ್ಟರ್ ನಿಕ್ಸನ್ ಎಂಬ ಕಪ್ಪು ವೈದ್ಯರು ತಲೆಗಂದಾಯ ಕಟ್ಟಿದ ರಸೀದಿ ಹಿಡಿದು ಮತಗಟ್ಟೆಗೆ ಹೋದರು. ಚೀಟಿ ಕೊಡಲಿಲ್ಲ. ಕಪ್ಪು ಜನರ ಹಕ್ಕುಗಳಿಗಾಗಿ 1909ರಲ್ಲಿ ಹುಟ್ಟಿದ್ದ ಎನ್.ಎ.ಎ.ಸಿ.ಪಿ. ಎಂಬ ಸಂಘ ಅವರ ಪರವಾಗಿ ದಾವೆ ನಡೆಸಿತು. 1927ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ತಳ್ಳಿಹಾಕಿತು. ಗೆದ್ದೆವೆಂದುಕೊಂಡರು. ಆದರೆ ಬದುವಿನ ಒಂದು ತೂತು ಮುಚ್ಚಿದರೆ ಇಲಿ ಇನ್ನೊಂದು ತೋಡುತ್ತದಲ್ಲ, ಹಾಗಾಯಿತು. ಯಾರನ್ನು ಸೇರಿಸಬೇಕೆಂಬುದನ್ನು ಪಕ್ಷದ ಕಾರ್ಯಕಾರಿ ಸಮಿತಿಯೇ ಹೇಳಲಿ ಎಂದು ಸರ್ಕಾರ ಹೊಸ ಕಾನೂನು ಮಾಡಿತು. ನಿಕ್ಸನ್ ಮತ್ತೆ ದಾವೆ ಹೂಡಿ 1932ರಲ್ಲಿ ಮತ್ತೆ ಗೆದ್ದರು. ಆಗ ಪಕ್ಷವೇ ಮಹಾಸಭೆ ಸೇರಿ, "ನಮ್ಮದು ಖಾಸಗಿ ಸಂಘ, ಬಿಳಿಯರು ಮಾತ್ರ ಸದಸ್ಯರು" ಎಂದು ಠರಾವು ಮಾಡಿತು. ಹ್ಯೂಸ್ಟನ್ನಿನ ಕ್ಷೌರಿಕರೊಬ್ಬರು, ಗ್ರೋವಿ ಎಂಬವರು, ಸಂಘಕ್ಕಾಗಿ ಕಾಯದೆ ಊರಿನ ವಕೀಲರನ್ನೇ ಇಟ್ಟುಕೊಂಡು ದಾವೆ ಹಾಕಿದರು. ಅವರು ಕೇಳಿದ ಪರಿಹಾರ ಹತ್ತೇ ಡಾಲರು. 1935ರಲ್ಲಿ ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟರು. ಹಳೆಯ ಗೆಲುವುಗಳೂ ನೀರಿನಲ್ಲಿ ಹೋದಂತಾಯಿತು. ಸುಪ್ರೀಂ ಕೋರ್ಟಿನ ಮೇಲೆ ಇನ್ನೊಂದು ಕೋರ್ಟಿಲ್ಲ.

ಇನ್ನು ಮುಂದಿನದನ್ನು ಗಮನವಿಟ್ಟು ಕೇಳಿ. 1940ರಲ್ಲಿ ಆ ಸಂಘದವರು ಮೊಕದ್ದಮೆಗಳಿಗೆಂದೇ ಪ್ರತ್ಯೇಕವಾಗಿ ಒಂದು ರಕ್ಷಣಾ ನಿಧಿ ಮಾಡಿದರು. ಅದರ ಮುಖ್ಯಸ್ಥರು ಥರ್ಗುಡ್ ಮಾರ್ಷಲ್ ಎಂಬ ಕಪ್ಪು ವಕೀಲರು. ವಯಸ್ಸು ಮೂವತ್ತು ದಾಟಿತ್ತಷ್ಟೆ. ಟೆಕ್ಸಾಸಿನ ಊರೂರಿನ ಶಾಖೆಗಳು ಚಂದಾ ಎತ್ತಿದವು. ಮಾರ್ಷಲ್ ಒಂದು ದಾವೆಯನ್ನು ನಡೆಸುತ್ತಿದ್ದರು. ಅಷ್ಟರಲ್ಲಿ 1941ರಲ್ಲಿ ಲೂಸಿಯಾನ ರಾಜ್ಯದ ಬೇರೊಂದು ಮೊಕದ್ದಮೆಯಲ್ಲಿ, ಕೇಂದ್ರ ಶಾಸನ ಸಭೆಗೆ ನಡೆಯುವ ಚುನಾವಣೆಯಲ್ಲಿ ಪ್ರೈಮರಿಯೂ ಒಂದು ಭಾಗವೇ ಎಂದು ಸುಪ್ರೀಂ ಕೋರ್ಟು ಹೇಳಿತು. ಮಾರ್ಷಲ್ಲರ ಕೈಯಲ್ಲಿದ್ದ ದಾವೆಯಾದರೋ ಸ್ಥಳೀಯ ಮತ್ತು ರಾಜ್ಯದ ಹುದ್ದೆಗಳದ್ದು. ಅಷ್ಟು ಖರ್ಚು ಮಾಡಿದ್ದ ದಾವೆಯನ್ನು ಅವರು ಕೈಬಿಟ್ಟರು! ಮೊಳಕೆ ಸರಿ ಬಾರದ ಬೀಜವನ್ನು ಕೊಂಡ ಹಣದ ಮೋಹಕ್ಕೆ ಬಿತ್ತುವ ರೈತರನ್ನು ನಾನು ಬಲ್ಲೆ. ಆದ್ದರಿಂದ ಈ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬದಲಿಗೆ ಅವರು ಹ್ಯೂಸ್ಟನ್ನಿನ ಹಲ್ಲಿನ ವೈದ್ಯ ಲಾನಿ ಸ್ಮಿತ್ತರ ದಾವೆಯನ್ನು ಹಿಡಿದರು. 1940ರ ಜುಲೈ 27ರಂದು ಸ್ಮಿತ್ತರಿಗೆ ಚೀಟಿ ಕೊಡದೆ ಕಳಿಸಿದ್ದ ಪ್ರೈಮರಿ ಕೇಂದ್ರ ಶಾಸನ ಸಭೆಯ ಸ್ಥಾನಗಳಿಗೂ ಸೇರಿದ್ದಾಗಿತ್ತು.

ಕೆಳಗಿನ ಕೋರ್ಟಿನಲ್ಲಿ ಸೋಲು, ಅಪೀಲಿನಲ್ಲೂ ಸೋಲು. 1944ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಸ್ಮಿತ್ತರ ಪರ ನಿಂತರು. ಒಂಬತ್ತು ವರ್ಷದ ಹಿಂದಿನ ತಮ್ಮ ತೀರ್ಪನ್ನು ತಾವೇ ಅಳಿಸಿದರು. ಒಪ್ಪದಿದ್ದ ಒಬ್ಬರು, ಹೀಗಾದರೆ ಈ ಕೋರ್ಟಿನ ತೀರ್ಪು ಈ ದಿನದ ಈ ರೈಲಿಗೆ ಮಾತ್ರ ನಡೆಯುವ ಟಿಕೆಟ್ಟಿನಂತಾಗುತ್ತದೆಂದು ಬೇಸರಪಟ್ಟರು. ಅದೇ ಜುಲೈ ತಿಂಗಳ ಪ್ರೈಮರಿಯಲ್ಲಿ ಸ್ಮಿತ್ ಓಟು ಹಾಕಿದರು. ದಕ್ಷಿಣದ ರಾಜ್ಯಗಳಲ್ಲಿ 1940ರಲ್ಲಿ ಸುಮಾರು ಒಂದೂವರೆ ಲಕ್ಷವಿದ್ದ ಕಪ್ಪು ಮತದಾರರ ಸಂಖ್ಯೆ 1952ರ ಹೊತ್ತಿಗೆ ಸುಮಾರು ಹತ್ತು ಲಕ್ಷಕ್ಕೆ ಏರಿತು.

ಇಷ್ಟಕ್ಕೆ ಎಲ್ಲ ಸರಿಹೋಯಿತೆನ್ನಬೇಡಿ. ಪ್ರೈಮರಿಗೂ ಮೊದಲು ಇನ್ನೊಂದು ಮತದಾನ ಮಾಡುವ ಸಂಘವೊಂದು ಟೆಕ್ಸಾಸಿನ ಒಂದು ಜಿಲ್ಲೆಯಲ್ಲಿತ್ತು. 1953ರಲ್ಲಿ ಅದಕ್ಕೂ ಕೋರ್ಟೇ ತಡೆ ಹಾಕಬೇಕಾಯಿತು. ಓದುಬರಹದ ಪರೀಕ್ಷೆಯ ನೆಪಗಳಿಗೆ 1965ರ ಕಾನೂನು ಬೇಕಾಯಿತು. ಮಾರ್ಷಲ್ 1967ರಲ್ಲಿ ಅದೇ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. 2013ರಲ್ಲಿ ಆ ಕೋರ್ಟೇ 1965ರ ಕಾನೂನಿನ ಒಂದು ಮುಖ್ಯ ಭಾಗವನ್ನು ತೆಗೆದುಹಾಕಿತು. ಆ ನಿಧಿಯ ವಕೀಲರು ಅಲಬಾಮ ರಾಜ್ಯದ ಕ್ಷೇತ್ರಗಳ ಗಡಿಯ ವಿಚಾರವಾಗಿ ಮತ್ತೆ ಅಲ್ಲಿ ವಾದಿಸಿ 2023ರಲ್ಲಿ ಗೆದ್ದರು.

ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇದು. ಜೊತೆಗೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಾನು ಮೊದಲ ಸಲ ಓಟು ಹಾಕಲು ಹೋದಾಗ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಡಿಪ್ಲೊಮಾ ಓದಿದವನು, ಒಂದು ಅರ್ಜಿಯನ್ನೂ ಬರೆಯದೆ ಮನೆಗೆ ಬಂದು ಊಟ ಮಾಡಿ ಮಲಗಿದೆ. ನಿಕ್ಸನ್ನರ ಕಥೆ ಓದಿದ ರಾತ್ರಿ ಅದು ನೆನಪಿಗೆ ಬಂತು.

ಕಳೆದ ಸಲ ಪಟ್ಟಿ ಓದಿದಾಗ ಹೆಸರು ಬಾರದಿದ್ದವರು, ಹದಿನೆಂಟು ತುಂಬಿದ ಮಕ್ಕಳು, ಬೇರೆ ಊರಿನಿಂದ ಬಂದ ಸೊಸೆಯರು, ಬರುವ ಸೋಮವಾರ ಸಂಜೆ ಪಂಚಾಯಿತಿ ಕಚೇರಿಗೆ ಬನ್ನಿ. ಹೊಸದಾಗಿ ಸೇರುವವರಿಗೆ 6ನೆಯ ನಮೂನೆಯನ್ನು ನಾನೇ ತುಂಬಿಕೊಡುತ್ತೇನೆ. ಅರ್ಜಿ ಕೊಟ್ಟಮೇಲೆ ರಸೀದಿ ಕೇಳಿ ಪಡೆಯಿರಿ, ಅದನ್ನು ಪಹಣಿ ಇಡುವ ಪೆಟ್ಟಿಗೆಯಲ್ಲಿಯೇ ಇಡಿ.