ಶಾಲಾ ಚೀಲದಲ್ಲೊಂದು ಬೀಜದ ಲೇಖನಿ



ಕೊಚ್ಚಿಯ ಅಂಬಲಮುಗಳ್ ಸಮೀಪದ ಬ್ರಹ್ಮಪುರಂ ಕಸದ ರಾಶಿಗೆ 2023ರ ಮಾರ್ಚ್ 2ರಂದು ತಗುಲಿದ ಬೆಂಕಿ ಹಲವು ದಿನಗಳ ಕಾಲ ನಗರವನ್ನು ಹೊಗೆಯಲ್ಲಿ ಮುಳುಗಿಸಿತು; ಶಾಲೆಗಳಿಗೆ ರಜೆ ಸಾರಬೇಕಾಯಿತು. ಉರಿದ ರಾಶಿಯಲ್ಲಿ ಪ್ಲಾಸ್ಟಿಕ್ ಹೇರಳವಾಗಿತ್ತು. ಮಕ್ಕಳು ಬರೆದೆಸೆಯುವ ಲೇಖನಿಯೂ ಕೊನೆಗೆ ಸೇರುವುದು ಇಂತಹ ರಾಶಿಯನ್ನೇ.

ಎರ್ನಾಕುಲಂ ಜಿಲ್ಲೆಯವರೇ ಆದ ಲಕ್ಷ್ಮಿ ಮೆನನ್ ಅವರು ಮುದ್ರಣಾಲಯದ ರದ್ದಿ ಕಾಗದವನ್ನು ಸುರುಳಿ ಸುತ್ತಿಸಿ, ಅದರೊಳಗೆ ಬೀಜವಿಟ್ಟು ಲೇಖನಿಗಳನ್ನು ರೂಪಿಸಿದ್ದಾರೆ. ಬರೆದು ಮುಗಿದ ಬಳಿಕ ಮಣ್ಣಿಗೆ ಸೇರಿಸಿದರೆ ಸಸಿ ಮೊಳೆಯುತ್ತದೆ. ಆದರೆ ಒಳಗಿನ ರೀಫಿಲ್ ಪ್ಲಾಸ್ಟಿಕ್ಕಿನದೇ. ಅದನ್ನು ಮೊದಲು ತೆಗೆದು ಪ್ರತ್ಯೇಕವಾಗಿ ಇರಿಸತಕ್ಕದ್ದು. ಶಾಯಿ ತುಂಬುವ ಹಳೆಯ ಲೇಖನಿಯಾದರೆ ಈ ತೊಡಕೇ ಇಲ್ಲ, ಅಂಗಿಯ ಮೇಲೊಂದಿಷ್ಟು ಕಲೆಯನ್ನು ಸಹಿಸಿಕೊಳ್ಳಬೇಕಷ್ಟೆ. ವರ್ಷಾಂತ್ಯದಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದರೆ ಲೆಕ್ಕದ ಅಭ್ಯಾಸಕ್ಕೆ ಪುಸ್ತಕವಾಗುತ್ತದೆ. ಅದರ ಹೊದಿಕೆಗೆ ಹಳೆಯ ಕ್ಯಾಲೆಂಡರಿನ ಹಾಳೆ ಸಾಕು.