ಮನೆ ರಿಪೇರಿ: ಯಾವುದು ನಮ್ಮ ಕೈಗೆ, ಯಾವುದು ಬಲ್ಲವರಿಗೆ?

 

ಶಿವಾನುಭವ ಗೋಷ್ಠಿಯಲ್ಲಿ ನಲ್ಲಿ, ವೈರು, ಸಿಮೆಂಟಿನ ಮಾತೇಕೆ ಎಂದು ಕೆಲವರಿಗೆ ಅನಿಸಿರಬಹುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು ಸೇರಿದವರು ಯಾರು? ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬುಟ್ಟಿ ಹೆಣೆಯುವ ಮೇದರ ಕೇತಯ್ಯ. ಅವರ ನಡುವೆ ಕೈಕೆಲಸದ ಮಾತು ಹೊರಗಿನ ಮಾತಾಗಿರಲಿಲ್ಲ.

ಸರ್ಕಾರಿ ಕೆಲಸದಿಂದ ನಿವೃತ್ತನಾದ ಮೇಲೆ ಬಂಧುಗಳು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. "ಸಾಹೇಬ್ರ, ಈ ಕೆಲಸ ನಾವೇ ಮಾಡಿಕೊಳ್ಳೋಣೋ, ಗುತ್ತಿಗೆ ಕೊಡೋಣೋ?" ನಮ್ಮಲ್ಲಿ ಎರಡು ಬಗೆಯ ಜನ ಇದ್ದಾರೆ. ಒಬ್ಬರು ಸೋರುವ ನಲ್ಲಿಗೆ ವಾಷರ್ ಹಾಕಲೂ ಆಳಿಗಾಗಿ ನಾಲ್ಕು ದಿನ ಕಾಯುತ್ತಾರೆ. ಕೈಯಲ್ಲಿ ಪಾನ ಹಿಡಿದರೆ ನೆರೆಯವರು ಏನೆಂದಾರು ಎಂಬ ಸಂಕೋಚ ಅವರಿಗೆ. ಮನೆಯ ಗೋಡೆಗೆ ಕಾಯಕದ ತತ್ವ ಬರೆಸಿ ತೂಗುಹಾಕಿದವರಲ್ಲೂ ಈ ಸಂಕೋಚ ಕಂಡಿದ್ದೇನೆ. ಇನ್ನೊಬ್ಬರು ಅದೇ ಕಾಯಕದ ಹೆಸರು ಹೇಳಿ ಮೀಟರ್ ಬೋರ್ಡಿಗೂ ಕೈ ಹಾಕುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು ಉಳಿತಾಯ.

ನಾನು ಕೇಳುವುದು ಇಷ್ಟೇ: ಕೆಲಸ ಕೆಟ್ಟರೆ ಪೆಟ್ಟು ಯಾರಿಗೆ? ಬಣ್ಣ ಹಚ್ಚುವುದು ಕೆಟ್ಟರೆ ಗೋಡೆ ಕಲೆಯಾದೀತು, ಮತ್ತೊಮ್ಮೆ ಹಚ್ಚಿದರಾಯಿತು. ಅದನ್ನು ಧಾರಾಳವಾಗಿ ಮಾಡಿ, ಮಕ್ಕಳನ್ನೂ ಕೂಡಿಸಿಕೊಳ್ಳಿ. ವಿದ್ಯುತ್ತಿನಲ್ಲಿ ಹಾಗಲ್ಲ. ಇಲ್ಲಿ ಕಾನೂನೇ ಗೆರೆ ಎಳೆದಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವುದಕ್ಕೆ ವಿನಾಯಿತಿ ಇತ್ತು. ಹೊಸ ಲೈನು ಎಳೆಯುವುದು, ಇದ್ದ ವೈರಿಂಗ್ ಮಾರ್ಪಡಿಸುವುದು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಕೆಲಸ. ಆ ಪರವಾನಗಿಯನ್ನು ಕೇಳಿ ನೋಡುವುದರಲ್ಲಿ ನಾಚಿಕೆ ಬೇಡ. ಮೆಯಿನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಹಾಕಿಸುವುದು ಅವರಿಂದ, ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ಬೀಳುತ್ತದೆಯೋ ಇಲ್ಲವೋ ನೋಡುವುದು ನಿಮ್ಮಿಂದ.

ನಮ್ಮ ಉತ್ತರ ಕರ್ನಾಟಕದ ಮಾಳಿಗೆ ಮನೆಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಳೆಗಾಲಕ್ಕೆ ಮೊದಲು ಮೇಲೆ ಮಣ್ಣು ಹಾಕಿಕೊಳ್ಳುವುದು ತಲೆಮಾರುಗಳಿಂದ ಮನೆಯವರೇ ಮಾಡಿಕೊಂಡು ಬಂದ ಕೆಲಸ, ಒಳ್ಳೆಯ ಪದ್ಧತಿ. ಆದರೆ ಹಳೆಯ ಮಣ್ಣು ಕೆರೆಯದೆ ವರ್ಷವರ್ಷವೂ ಹೊಸದನ್ನೇ ಸುರಿಯುತ್ತಾರೆ. ಲೆಕ್ಕ ಹಾಕಿ. ನೂರು ಚದರಡಿಯ ಮೇಲೆ ಒಂದು ಇಂಚು ಮಣ್ಣೆಂದರೆ ಎಂಟು ಘನ ಅಡಿಗೂ ಮೇಲೆ. ನೆನೆದಾಗ ಅದು 400 ಕಿಲೋ ದಾಟುತ್ತದೆ, ಅಂದರೆ ಎಂಟು ಚೀಲ ಸಿಮೆಂಟು. ಹತ್ತು ವರ್ಷ ಹೀಗೆ ಏರಿದರೆ ಕೆಳಗಿನ ತೊಲೆ ಜಂತಿಗಳ ಪಾಡೇನು? ಗೋಡೆಗೆ ತಾಗಿದ ತೊಲೆಯ ತುದಿಗಳನ್ನು ಗೆದ್ದಲು ಒಳಗೊಳಗೇ ತಿಂದಿರುತ್ತದೆ, ಹೊರಗೆ ಕಾಣುವುದಿಲ್ಲ. ಮಣ್ಣು ನೀವೇ ಹಾಕಿ, ಆದರೆ ಹಾಕಿದಷ್ಟು ಕೆರೆದು ತೆಗೆಯಿರಿ. ತೊಲೆಯನ್ನು ಮಾತ್ರ ಬಲ್ಲ ಬಡಿಗರಿಗೆ ತೋರಿಸಿ. ಅಡುಗೆಮನೆ ದೊಡ್ಡದಾಗಲಿ ಎಂದು ನಡುಗೋಡೆ ಒಡೆಯುವ ಮೊದಲಂತೂ ಅದು ಹೊರೆ ಹೊತ್ತ ಗೋಡೆಯೋ ಅಲ್ಲವೋ ಎಂದು ಇಂಜಿನಿಯರನ್ನು ಕೇಳಲೇಬೇಕು.

ಗೌಂಡಿಯವರಿಗೆ ಸಾಮಾನ್ಯವಾಗಿ ಪರವಾನಗಿ ಪತ್ರ ಎಂಬುದಿಲ್ಲ. ಅವರು ಹಿಂದೆ ಕಟ್ಟಿದ್ದನ್ನು ನೋಡಿ ಬನ್ನಿ, ಅದೇ ಅವರ ಪತ್ರ. ಕಾಂಕ್ರೀಟಿಗೆ ನೀರುಣಿಸುವುದನ್ನು ಮನೆಯವರು ವಹಿಸಿಕೊಳ್ಳಿ. ಮಾಮೂಲು ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿಗೆ 10 ದಿನ, ನಮ್ಮ ಒಣ ಬಿಸಿಲಿಗೆ ಇನ್ನೂ ಮೂರ್ನಾಲ್ಕು ದಿನ ಹೆಚ್ಚು.

ಇನ್ನು ನಾವು ಬಾಯಿಬಿಟ್ಟು ಆಡದ ಮಾತು. ನಾವೂ ಮಾಡುವುದಿಲ್ಲ, ಪರವಾನಗಿಯವರನ್ನೂ ಕರೆಯುವುದಿಲ್ಲ, ಓಣಿಯಾಚೆಯ ಒಬ್ಬ ಬಡವನನ್ನು ಕರೆದು ಮಾಡಿಸುವ ಕೆಲಸ ಒಂದಿದೆ: ಶೌಚದ ಗುಂಡಿ ತೋಡಿಸುವುದು. ಆ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತದೆ. ಅದು ಹೆಚ್ಚಿದ್ದರೆ ಮೊದಲು ಮೂಗಿನ ವಾಸನೆಯ ಶಕ್ತಿಯೇ ಹೋಗುತ್ತದೆ, ಇಳಿದವನಿಗೆ ಅಪಾಯ ತಿಳಿಯುವುದಿಲ್ಲ. ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ. ಇಂಥ ಸಾವುಗಳಿಗೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಪರಿಹಾರ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹೀರುಯಂತ್ರದ ಗಾಡಿ ಕರೆಸಲು ದುಡ್ಡು ಹೆಚ್ಚಾಗುತ್ತದೆ ಎನ್ನುವವರು, ಆ ಗುಂಡಿಗೆ ತಮ್ಮ ಮಗನನ್ನು ಇಳಿಸುತ್ತಾರೆಯೇ? ಇಳಿಸುವುದಿಲ್ಲ ಎಂದಾದರೆ ಜಾತಿ ನಮ್ಮ ಮನೆಯ ಹಿತ್ತಿಲಲ್ಲಿ ಇನ್ನೂ ಕೂತಿದೆ, ಕೊರಳಲ್ಲಿ ಇಷ್ಟಲಿಂಗವಿದ್ದರೂ. ಈ ಮಾತು ಕೆಲವರಿಗೆ ಕಹಿಯಾದೀತು, ಆಗಲಿ.

ಕೂಲಿಯ ಬಗ್ಗೆ ಒಂದು ಮಾತು. ಆಯ್ದಕ್ಕಿ ಮಾರಯ್ಯ ಹೆಚ್ಚು ಅಕ್ಕಿ ತಂದ ದಿನ ಲಕ್ಕಮ್ಮ ಅದನ್ನು ಮರಳಿಸೆಂದಳು. ಆ ಕಥೆಯನ್ನು ಗುತ್ತಿಗೆದಾರನಿಗೆ ಮಾತ್ರ ಹೇಳುತ್ತೇವೆ. ದುಡಿದವನ ಪಾಲನ್ನು ಉಳಿಸಿಕೊಂಡರೂ ಅದು ಹೆಚ್ಚಿನ ಅಕ್ಕಿಯೇ. ಅಳತೆ, ದರ, ಕೊಡುವ ದಿನ ಮೂರನ್ನೂ ಮೊದಲೇ ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಮಾಡಿ. ಕೆಲಸದವರಿಗೆ ಮನೆಯವರ ಲೋಟದಲ್ಲೇ ನೀರು ಕೊಡಿ.

ಮಾಳಿಗೆ ಪರೀಕ್ಷೆ ಮಾಡಿಸಬೇಕೆನ್ನುವವರು ಪ್ರಸಾದದ ನಂತರ ಹೆಸರು ಬರೆಸಿ. ಮಳೆ ಹಿಡಿಯುವ ಮೊದಲು ಒಂದೊಂದೇ ಮನೆ ನೋಡಿ ಬರುತ್ತೇನೆ. ಏಣಿ ನೀವೇ ಒದಗಿಸಬೇಕು.